ಕಡಲಂಚಿನ ಮನೆ ಕೊಳ್ಳುವ ಮುನ್ನ: ಲಕ್ಷಣ ನೋಡಿ ದೋಷ ಪತ್ತೆ ಹಚ್ಚುವ ಕೈಪಿಡಿ

ಕಡಲ ಹತ್ತಿರದ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಕಾಂಕ್ರೀಟಿನೊಳಗೆ ಹುದುಗಿರುವ ಕಬ್ಬಿಣದ ಕಂಬಿ. ಗಾಳಿಯಲ್ಲಿ ತೇಲಿ ಬರುವ ಉಪ್ಪು ವರ್ಷಗಟ್ಟಲೆ ಇಂಚಿಂಚಾಗಿ ಒಳಗಿಳಿದು ಕಂಬಿಯನ್ನು ಮುಟ್ಟುತ್ತದೆ. ಹೊರಗೆ ಗುರುತು ಕಾಣುವ ಹೊತ್ತಿಗೆ ಒಳಗಿನ ಹಾನಿ ಬಹಳ ಮುಂದುವರಿದಿರುತ್ತದೆ, ಹೊಸ ಬಣ್ಣ ಬಳಿದರೆ ಆ ಗುರುತೂ ಒಂದೆರಡು ಮಳೆಗಾಲ ಮುಚ್ಚಿಹೋಗುತ್ತದೆ. ಹೀಗಾಗಿ ಮುಂಗಡ ಕೊಡುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ವಿವರವಾದ ಕಟ್ಟಡ ತಪಾಸಣೆ ಮಾಡಿಸಲೇಬೇಕು. ಅದಕ್ಕೂ ಮೊದಲು ನೀವೇ ಒಂದು ಸುತ್ತು ನೋಡಿ ಬಂದರೆ ಎರಡು ಲಾಭ: ಕೆಟ್ಟೇ ಹೋದ ಮನೆಯನ್ನು ಖರ್ಚಿಲ್ಲದೆ ಕೈಬಿಡಬಹುದು, ಉಳಿದ ಮನೆಯಲ್ಲಿ ಯಾವ ಜಾಗಕ್ಕೆ ಯಾವ ಪರೀಕ್ಷೆ ಬೇಕೆಂದು ಎಂಜಿನಿಯರ್‌ಗೆ ಬೆರಳಿಟ್ಟು ತೋರಿಸಬಹುದು.

ಲಕ್ಷಣದ ಗಾತ್ರಕ್ಕಿಂತ ಅದು ಮನೆಯ ಯಾವ ಮಗ್ಗುಲಲ್ಲಿದೆ ಎಂಬುದು ಹೆಚ್ಚು ಹೇಳುತ್ತದೆ. ತುಕ್ಕಿನ ಕಲೆ ಕಡಲಿಗೆ ಮುಖ ಮಾಡಿದ ಗೋಡೆ, ಸಜ್ಜಾ, ಬಾಲ್ಕನಿಗಳಲ್ಲಷ್ಟೇ ಇದ್ದರೆ ಉಪ್ಪು ಗಾಳಿಯಿಂದ ಬಂದದ್ದು. ಗಾಳಿ ಸೋಕದ ಒಳಕೋಣೆಯ ಸ್ಲ್ಯಾಬಿನಲ್ಲೂ ಅದೇ ಬಗೆಯ ತುಕ್ಕಿದ್ದರೆ, ತೊಳೆಯದ ಕಡಲ ಮರಳನ್ನೋ ಉಪ್ಪು ನೀರನ್ನೋ ಬೆರೆಸಿ ಕಾಂಕ್ರೀಟ್ ಹಾಕಿರಬಹುದೆಂಬ ಸಂಶಯ ಬರುತ್ತದೆ. ಮೊದಲನೆಯದಕ್ಕೆ ರಿಪೇರಿ ಉಂಟು. ಎರಡನೆಯದರಲ್ಲಿ ಇಂದು ಒಂದು ಕಡೆ ಸರಿಪಡಿಸಿದರೆ ನಾಳೆ ಇನ್ನೊಂದು ಕಡೆ ಏಳುತ್ತದೆ. ಆದ್ದರಿಂದ ಒಂದು ಹಾಳೆಯಲ್ಲಿ ಮನೆಯ ಕಚ್ಚಾ ನಕ್ಷೆ ಬರೆದು, ಕಡಲ ದಿಕ್ಕು ಗುರುತಿಸಿ, ಕಂಡದ್ದನ್ನೆಲ್ಲ ಅದರ ಮೇಲೆ ಗುರುತು ಹಾಕುತ್ತ ಹೋಗಿ. ಕೊನೆಗೆ ನಿಮಗೆ ಉಪಯೋಗಕ್ಕೆ ಬರುವುದು ಆ ನಕ್ಷೆಯೇ.

ಹೋಗುವ ಮುನ್ನ

ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಳ್ಳೆಯ ಟಾರ್ಚ್, 200ರಿಂದ 300 ಗ್ರಾಂ ತೂಕದ ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಅಳತೆ ಟೇಪ್, ಸೀಮೆಸುಣ್ಣ, ಸ್ಪಿರಿಟ್ ಲೆವೆಲ್, ಬಿರುಕಿನ ಅಗಲ ಅಳೆಯುವ ಪಾರದರ್ಶಕ ಪಟ್ಟಿ, ಸುಮಾರು 60 ಸೆ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ, ಅಂಟು ಟೇಪ್, ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ ಟಿಡಿಎಸ್ ಮೀಟರ್. ಸುತ್ತಿಗೆಯಿಂದ ತಟ್ಟುವುದಕ್ಕೂ ಹಾಳೆ ಅಂಟಿಸುವುದಕ್ಕೂ ಮನೆಯವರ ಒಪ್ಪಿಗೆ ಮೊದಲೇ ಕೇಳಿ.

ಸಾಧ್ಯವಾದರೆ ಮಳೆ ಬಂದು ಬಿಟ್ಟ ಮಾರನೆಯ ದಿನ ಹೋಗಿ, ಸೋರಿಕೆಯ ದಾರಿ ಆಗ ಮಾತ್ರ ಕಾಣುತ್ತದೆ. ಇನ್ನೊಂದು ಭೇಟಿಯನ್ನು ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನದೊಳಗೆ, ಉಬ್ಬರ ಪೂರ್ತಿ ಏರಿರುವ ಹೊತ್ತಿಗೆ ಇಟ್ಟುಕೊಳ್ಳಿ. ಚರಂಡಿ, ಬಾವಿ, ಕಾಂಪೌಂಡಿನ ನಿಜವಾದ ಸ್ಥಿತಿ ದೊಡ್ಡ ಉಬ್ಬರದಲ್ಲಿ ಹೊರಬೀಳುತ್ತದೆ.

ಸ್ಲ್ಯಾಬಿನ ಅಡಿ ಕಂದು ಕಲೆ, ಉಬ್ಬು, ಉದುರುವ ಗಾರೆ

ಮೊದಲು ಕಣ್ಣಾಡಿಸಿ. ಅಲ್ಲೊಂದು ಇಲ್ಲೊಂದು ಚುಕ್ಕೆ ಮಾತ್ರ ಇದ್ದರೆ, ಕಂಬಿ ಕಟ್ಟುವ ತಂತಿಯ ತುಂಡೋ ಸೆಂಟ್ರಿಂಗಿನ ಮೊಳೆಯೋ ಮೇಲ್ಮೈಯಲ್ಲಿ ಉಳಿದುಕೊಂಡಿರಬಹುದು. ಸ್ಕ್ರೂಡ್ರೈವರ್ ಮೊನೆಯಿಂದ ಕೆರೆದಾಗ ಆ ತುಂಡು ಸಿಕ್ಕಿತೆಂದರೆ ಚಿಂತೆಯಿಲ್ಲ. ಕಲೆಗಳು 15–20 ಸೆ.ಮೀ. ಅಂತರದಲ್ಲಿ ಸಾಲು ಹಿಡಿದಿದ್ದರೆ ಅವು ಮುಖ್ಯ ಕಂಬಿಗಳ ಸಾಲು, ಅಲ್ಲಿ ಚಿಂತಿಸಬೇಕು.

ಆಮೇಲೆ ತಟ್ಟಿ ನೋಡಿ. ಗಟ್ಟಿ ಕಾಂಕ್ರೀಟ್ ಟಣ್ ಎನ್ನುತ್ತದೆ, ಪದರ ಬಿಟ್ಟದ್ದು ಬೊದಬೊದ ಎನ್ನುತ್ತದೆ. ಟೊಳ್ಳು ಸದ್ದು ಎಲ್ಲಿಂದ ಎಲ್ಲಿಯವರೆಗಿದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಫೋಟೊ ತೆಗೆಯಿರಿ. ಟೊಳ್ಳು ಸದ್ದೆಲ್ಲ ಅಪಾಯವಲ್ಲ. ಗಾರೆ ಮಾತ್ರ ಕಾಂಕ್ರೀಟಿನಿಂದ ಬಿಟ್ಟಿದ್ದರೂ ಅದೇ ಸದ್ದು ಬರುತ್ತದೆ. ಆಗ ಟೊಳ್ಳಿನ ಆಕಾರ ಅಡ್ಡಾದಿಡ್ಡಿಯಾಗಿರುತ್ತದೆ, ತುಕ್ಕಿನ ಬಣ್ಣ ಇರುವುದಿಲ್ಲ. ಕಾಂಕ್ರೀಟೇ ಪದರ ಬಿಟ್ಟಿದ್ದರೆ ಟೊಳ್ಳು ಕಂಬಿಯ ಗೆರೆ ಹಿಡಿದು ಉದ್ದಕ್ಕೆ ಸಾಗುತ್ತದೆ, ಜೊತೆಗೆ ನೇರವಾದ ಬಿರುಕೋ ಸಣ್ಣ ಉಬ್ಬೋ ಇರುತ್ತದೆ. ಎರಡರ ನಡುವೆ ಗೊಂದಲವಾದರೆ ಅಂಗೈಯಗಲ ಗಾರೆ ಕೆತ್ತಿ ನೋಡುವುದೊಂದೇ ದಾರಿ, ಅದನ್ನು ಎಂಜಿನಿಯರ್ ಬಂದಾಗ ಮಾಡಿಸಿ.

ಇದೆಲ್ಲ ಯಾಕೆ ಆಗುತ್ತದೆ? ಒಳ್ಳೆಯ ಕಾಂಕ್ರೀಟಿನ ಕ್ಷಾರ ಗುಣ ಬಲವಾದದ್ದು, ಪಿಎಚ್ 12.5ರಿಂದ 13ರ ಆಸುಪಾಸು. ಆ ಕ್ಷಾರದಲ್ಲಿ ಕಂಬಿಯ ಮೇಲೆ ತೆಳುವಾದ ರಕ್ಷಣೆಯ ಪೊರೆ ನಿಲ್ಲುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಸಾಕಷ್ಟು ಪ್ರಮಾಣದಲ್ಲಿ ಕಂಬಿಯ ಬಳಿ ಸೇರಿದರೆ ಕ್ಷಾರ ಇದ್ದರೂ ಪೊರೆ ಹರಿದುಹೋಗುತ್ತದೆ. ಅಲ್ಲಿಂದ ಹುಟ್ಟುವ ತುಕ್ಕು ಮೂಲ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಜಾಗವಿಲ್ಲದೆ ಕಾಂಕ್ರೀಟನ್ನು ಹೊರಕ್ಕೆ ತಳ್ಳಿ ಸೀಳುತ್ತದೆ. ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆಯನ್ನು ಕೆಲಸದವರು ಕವರ್ ಎನ್ನುತ್ತಾರೆ. ಕಡಲ ಗಾಳಿಗೆ ಒಡ್ಡಿಕೊಂಡ ಭಾಗಕ್ಕೆ ಇದು 40–50 ಮಿ.ಮೀ. ಬೇಕು. ಹಳೆಯ ಮನೆಗಳ ಸ್ಲ್ಯಾಬಿನಲ್ಲಿ ಬರೀ 15–20 ಮಿ.ಮೀ. ಸಿಗುವುದು ಹೊಸತೇನಲ್ಲ.

ಮಳೆ ಬಿದ್ದು ತೊಳೆದುಹೋಗುವ ಜಾಗಕ್ಕಿಂತ ಮಳೆ ತಾಗದ ಜಾಗದಲ್ಲಿ ಉಪ್ಪು ಹೆಚ್ಚು ಕೂಡಿಕೊಳ್ಳುತ್ತದೆ. ಸಜ್ಜಾದ ಅಡಿ, ಹೊರಗಿನ ಮೆಟ್ಟಿಲಿನ ಅಡಿ, ಕಾರು ನಿಲ್ಲಿಸುವ ಜಾಗದ ತೊಲೆಗಳು, ನೀರಿನ ತೊಟ್ಟಿಯ ತಳ, ಇವೇ ಮೊದಲು ಕೆಡುವ ಜಾಗಗಳು. ಮುಂಭಾಗ ಎಷ್ಟು ಚೆನ್ನಾಗಿ ಕಂಡರೂ ಇಲ್ಲಿ ಟಾರ್ಚ್ ಹಾಕದೆ ಬರಬೇಡಿ.

ಬಾಲ್ಕನಿ ಮತ್ತು ಸಜ್ಜಾಗಳಿಗೆ ಪ್ರತ್ಯೇಕ ಎಚ್ಚರ ಬೇಕು. ಗೋಡೆಯಿಂದ ಹೊರಚಾಚಿದ ಸ್ಲ್ಯಾಬಿನಲ್ಲಿ ಭಾರ ಹೊರುವ ಮುಖ್ಯ ಕಂಬಿ ಇರುವುದು ಮೇಲ್ಭಾಗದಲ್ಲಿ. ಬಾಲ್ಕನಿಯ ಟೈಲ್ಸ್ ಸಂದಿನಿಂದ ಇಳಿದ ನೀರು ಆ ಕಂಬಿಯನ್ನೇ ತಿನ್ನುತ್ತದೆ. ಕೆಳಗಿನಿಂದ ನೋಡಿದರೆ ಏನೂ ಕಾಣದಿರಬಹುದು. ಬಾಲ್ಕನಿ ಗೋಡೆಗೆ ಕೂಡುವ ಗೆರೆಯುದ್ದಕ್ಕೆ ಮೇಲೆ ಬಿರುಕಿದ್ದರೆ, ತುದಿ ಕೆಳಗೆ ವಾಲಿದ್ದರೆ, ಅದರ ಮೇಲೆ ಕಾಲಿಡಬೇಡಿ, ಕೆಳಗೂ ನಿಲ್ಲಬೇಡಿ. ಈ ಬಗೆಯ ಸ್ಲ್ಯಾಬ್ ಮುನ್ಸೂಚನೆ ಕೊಡದೆ ಒಮ್ಮೆಗೇ ಬೀಳುತ್ತದೆ.

*ಇಲ್ಲಿಗೆ ನಿಲ್ಲಿಸಿ:* ಕಂಬದಲ್ಲಿ ಅಥವಾ ತೊಲೆಯಲ್ಲಿ ಕಂಬಿ ಹೊರಗೆ ಕಂಡರೆ, ತಟ್ಟಿದಾಗ ಚಕ್ಕೆ ಬಿದ್ದರೆ, ಮತ್ತೆ ತಟ್ಟಬೇಡಿ. ತಲೆಗಿಂತ ಎತ್ತರದ ಜಾಗದಲ್ಲಿ ತಟ್ಟುವಾಗ ಯಾವತ್ತೂ ಪಕ್ಕಕ್ಕೆ ನಿಂತು, ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್ ಹಾಕಿಕೊಂಡೇ ತಟ್ಟಿ. ಕಂಬಿ ಎಷ್ಟು ಸವೆದಿದೆ ಎಂಬುದು ಬರಿಗಣ್ಣಿಗೆ ತಿಳಿಯದು: 12 ಮಿ.ಮೀ. ಕಂಬಿ ತುಕ್ಕು ತೆಗೆದ ಮೇಲೆ 10 ಮಿ.ಮೀ. ಉಳಿದಿದ್ದರೆ ನೋಡಲು ಸ್ವಲ್ಪವೇ ಸಣ್ಣದಾಗಿದೆ ಅನ್ನಿಸುತ್ತದೆ, ಲೆಕ್ಕದಲ್ಲಿ ಅದರ ಅಡ್ಡಕೊಯ್ತದ 30 ಶೇಕಡಾ ಹೋಗಿದೆ. ಕ್ಲೋರೈಡಿನ ತುಕ್ಕು ಒಂದೇ ಕಡೆ ಗುಳಿ ತೋಡುವುದೂ ಉಂಟು. ಹೊರಗೆ ಬಿರುಕೇ ಇಲ್ಲದೆ ಒಳಗೆ ಕಂಬಿ ತುಂಡಾಗುವ ಹಂತಕ್ಕೆ ಬಂದಿರಬಹುದು.

ತೇಪೆ ಹಾಕಿದ ಗುರುತು, ಅದರ ಸುತ್ತ ಮತ್ತೆ ತುಕ್ಕು

ಮಾರುವವರು "ಅದನ್ನೆಲ್ಲ ರಿಪೇರಿ ಮಾಡಿಸಿದ್ದೇವೆ" ಎಂದರೆ ಆ ಜಾಗವನ್ನು ಇನ್ನೂ ಹತ್ತಿರದಿಂದ ನೋಡಿ. ತೇಪೆ ಗಟ್ಟಿಯಾಗಿದ್ದು ಅದರ ಅಂಚಿನ ಹೊರಗೆ ಹೊಸ ಬಿರುಕು, ಹೊಸ ಕಂದು ಕಲೆ ಎದ್ದಿದ್ದರೆ ಕಾರಣ ಹೀಗಿದೆ: ಮೊದಲು ಕೆಟ್ಟಿದ್ದ ಕಂಬಿಯ ಭಾಗ ತಾನು ತುಕ್ಕು ಹಿಡಿಯುತ್ತ ಅಕ್ಕಪಕ್ಕದ ಭಾಗವನ್ನು ಕಾಯುತ್ತಿತ್ತು. ಅಲ್ಲಿ ಉಪ್ಪಿಲ್ಲದ ಹೊಸ ಗಾರೆ ತುಂಬಿದ ಕೂಡಲೇ ಆ ಕಾವಲು ಹೋಯಿತು, ಉಪ್ಪಿನ ಕಾಂಕ್ರೀಟಿನಲ್ಲೇ ಉಳಿದಿರುವ ಪಕ್ಕದ ಭಾಗ ತುಕ್ಕು ಹಿಡಿಯತೊಡಗಿತು. ಅಂದರೆ ತೇಪೆ ಹಾಕಿದವರು ಉಪ್ಪನ್ನು ತೆಗೆದಿಲ್ಲ, ಮುಚ್ಚಿದ್ದಾರೆ.

ಸರಿಯಾದ ರಿಪೇರಿಯಲ್ಲಿ ಕಂಬಿಯ ಹಿಂದಕ್ಕೂ 20–25 ಮಿ.ಮೀ. ಕೆತ್ತಿ, ಕಂಬಿಯನ್ನು ಸುತ್ತಲೂ ಬೆಳ್ಳಗಾಗುವಂತೆ ಉಜ್ಜಿ, ರಿಪೇರಿಗೆಂದೇ ಇರುವ ಗಾರೆ ತುಂಬುತ್ತಾರೆ. ಉಪ್ಪು ಹೆಚ್ಚಿರುವ ಕಡೆ ಕಂಬಿಗೆ ಸತುವಿನ ಆನೋಡ್ (ಕಂಬಿಯ ಬದಲು ತಾನು ಸವೆಯುವ ತುಂಡು) ಕಟ್ಟುವುದೂ ಉಂಟು. ಕೆಲಸದ ಬಿಲ್ಲು, ನಡುವೆ ತೆಗೆದ ಫೋಟೊ ಇವೆಯೇ ಎಂದು ಕೇಳಿ. ಒಳ್ಳೆಯ ಕೆಲಸ ಮಾಡಿಸಿದವರ ಹತ್ತಿರ ಸಾಮಾನ್ಯವಾಗಿ ಇರುತ್ತವೆ.

ಬಿರುಕು

ಬಿರುಕು ಕಂಡ ಕೂಡಲೇ ಹೆದರುವವರೂ ಇದ್ದಾರೆ, ಎಲ್ಲ ಮನೆಯಲ್ಲೂ ಇರುತ್ತದೆ ಎಂದು ತಳ್ಳಿಹಾಕುವವರೂ ಇದ್ದಾರೆ. ದಿಕ್ಕು, ಅಗಲ, ಜಾಗ ಈ ಮೂರನ್ನು ಒಟ್ಟಿಗೆ ಓದಬೇಕು.

ಗಾರೆಯ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಗೆರೆಗಳು ಗಾರೆ ಒಣಗುವಾಗ ಆದವು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ 1 ಮಿ.ಮೀ. ಒಳಗಿನ ಬಿರುಕು ಬಹುಮಟ್ಟಿಗೆ ಬಿಸಿಲು ಮತ್ತು ಕುಗ್ಗುವಿಕೆಯಿಂದ ಬಂದದ್ದು. ತಾರಸಿ ಸ್ಲ್ಯಾಬ್ ಗೋಡೆಯ ಮೇಲೆ ಕೂರುವ ಗೆರೆಯಲ್ಲಿನ ಅಡ್ಡ ಬಿರುಕು ಸ್ಲ್ಯಾಬ್ ಬಿಸಿಲಿಗೆ ಹಿಗ್ಗುವುದರಿಂದ ಆಗುತ್ತದೆ. ಮನೆ ಬೀಳಿಸುವಂಥದ್ದಲ್ಲ, ಆದರೆ ಉಪ್ಪು ನೀರಿಗೆ ಬಾಗಿಲು ತೆರೆದಂತೆ, ಮುಚ್ಚಿಸಲೇಬೇಕು.

ಇಟ್ಟಿಗೆ ಅಥವಾ ಕಲ್ಲಿನ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗಿದ ಬಿರುಕು ಅಡಿಪಾಯ ಒಂದು ಕಡೆ ಕುಸಿದದ್ದನ್ನು ಹೇಳುತ್ತದೆ. ಕೆಳಗೆ ಅಗಲ, ಮೇಲೆ ಕಿರಿದಾಗಿದ್ದರೆ ಗೋಡೆಯ ನಡುಭಾಗ ಇಳಿದಿದೆ. ಮೇಲೆ ಅಗಲವಾಗಿದ್ದರೆ ತುದಿಗಳು ಇಳಿದಿವೆ; ಮರಳು ನೆಲದಲ್ಲಿ ಮೂಲೆಯ ಅಡಿಯಿಂದ ಮರಳು ಕೊಚ್ಚಿಹೋದಾಗ ಕಾಣುವುದು ಹೀಗೆ. 5 ಮಿ.ಮೀ. ದಾಟಿದ್ದರೆ, ಅಥವಾ ಅದೇ ಗೋಡೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿ ಮುಚ್ಚದೆ ಹೋದರೆ, ಅಡಿಪಾಯ ಬಲ್ಲ ಎಂಜಿನಿಯರ್ ನೋಡದೆ ಮುಂದಿನ ಮಾತು ಬೇಡ.

ಬಿರುಕು ಹಳೆಯದೋ ಇನ್ನೂ ಚಲಿಸುತ್ತಿದೆಯೋ ಎಂದು ತಿಳಿಯಲು ಅಂಚು ನೋಡಿ. ಒಳಗೆ ಹಳೆ ಬಣ್ಣ, ಧೂಳು, ಜೇಡನ ಗೂಡು ಇದ್ದರೆ ಬಹಳ ಕಾಲದಿಂದ ಸುಮ್ಮನಿದೆ. ಅಂಚು ಚೂಪಾಗಿ, ಒಳಗೆ ಶುಭ್ರವಾಗಿದ್ದರೆ ಹೊಸತು. ಪುಟ್ಟಿ ತುಂಬಿ ಬಣ್ಣ ಬಳಿದ ಜಾಗವೇ ಮತ್ತೆ ಸೀಳಿದ್ದರೆ ಚಲನೆ ನಿಂತಿಲ್ಲ.

*ಇಲ್ಲಿಗೆ ನಿಲ್ಲಿಸಿ:* ಕಾಂಕ್ರೀಟ್ ಕಂಬದ ಮೂಲೆಯುದ್ದಕ್ಕೆ ನೇರ ಲಂಬ ಬಿರುಕು (ಒಳಗೆ ತುಕ್ಕು), ತೊಲೆಯ ತುದಿಯಲ್ಲಿ ಕಂಬದ ಹತ್ತಿರ ಓರೆ ಬಿರುಕು (ಭಾರ ತಾಳುತ್ತಿಲ್ಲ). ಇವೆರಡೂ ಎಷ್ಟೇ ಸಣ್ಣದಿದ್ದರೂ ನೀವು ತೀರ್ಮಾನಿಸುವ ವಿಷಯವಲ್ಲ.

ಗೋಡೆಯಲ್ಲಿ ತೇವ, ಬಿಳಿ ಪುಡಿ, ಏಳುವ ಬಣ್ಣ

ತೇವಕ್ಕೆ ನಾಲ್ಕೈದು ಮೂಲಗಳಿರುತ್ತವೆ, ಪ್ರತಿಯೊಂದೂ ತನ್ನ ಗುರುತು ಬಿಡುತ್ತದೆ. ನೆಲದಿಂದ ಸುಮಾರು 1 ಮೀ. ಎತ್ತರದವರೆಗೆ ಒಂದೇ ಮಟ್ಟದಲ್ಲಿ, ಮೇಲಂಚಿಗೆ ಬಿಳಿ ಉಪ್ಪಿನ ಗೆರೆ ಸಹಿತ ಇದ್ದರೆ ನೆಲದಿಂದ ಏರುವ ತೇವ. ಕಡಲ ದಿಕ್ಕಿನ ಗೋಡೆಯಲ್ಲಿ ಮಾತ್ರ, ಮಳೆಯ ನಂತರ ಮಾತ್ರ ಕಾಣಿಸಿದರೆ ಗಾಳಿ ಹೊಡೆದ ಮಳೆ. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ಸದಾ ಇದ್ದರೆ ಪೈಪ್ ಸೋರಿಕೆ. ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದುಕೊಂಡು ಎರಡು ಗಂಟೆ ಬಿಟ್ಟು ನೋಡಿ, ಅಂಕಿ ಚಲಿಸಿದ್ದರೆ ಎಲ್ಲೋ ಸೋರುತ್ತಿದೆ. ಕಪಾಟಿನ ಹಿಂದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಇದ್ದರೆ ಗಾಳಿಯಾಡದೆ ಒಳಗಿನ ಆವಿ ತಣ್ಣನೆಯ ಗೋಡೆಯ ಮೇಲೆ ಕೂತದ್ದು.

ಕಡಲಂಚಿಗೇ ವಿಶೇಷವಾದ ಇನ್ನೊಂದು ಬಗೆ ಇದೆ. ಮಳೆ ಇಲ್ಲ, ಸೋರಿಕೆ ಇಲ್ಲ, ಆದರೂ ಗಾಳಿಯಲ್ಲಿ ತೇವ ಹೆಚ್ಚಾದ ದಿನ ಗೋಡೆಯ ಅದೇ ಅದೇ ಜಾಗ ಒದ್ದೆಯಾಗುತ್ತದೆ, ಒಣಗಾಳಿ ಬೀಸಿದರೆ ಒಣಗುತ್ತದೆ. ಗಾಳಿಯ ಆರ್ದ್ರತೆ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನೇ ಗಾಳಿಯ ನೀರು ಹೀರಿ ಕರಗುತ್ತದೆ. ಗಾರೆಯಲ್ಲಿ ಉಪ್ಪು ತುಂಬಿದ್ದರೆ ಇದು ನಿಲ್ಲುವುದಿಲ್ಲ, ಜಲನಿರೋಧಕ ಬಣ್ಣ ಬಳಿದರಂತೂ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಗಾರೆಯನ್ನೇ ತಳ್ಳುತ್ತದೆ. ಆ ಗಾರೆ ತೆಗೆದು ಹೊಸದು ಹಾಕಬೇಕಾಗುತ್ತದೆ. ಬಿಳಿ ಪುಡಿಯನ್ನು ನೀರಿನಿಂದ ತೊಳೆಯುವುದೂ ತಪ್ಪು, ಕರಗಿ ವಾಪಸ್ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು.

ಎರಡು ಮೊಳೆ ಚುಚ್ಚಿ ಓದುವ ತೇವದ ಮೀಟರ್ ಇಂಥ ಗೋಡೆಯಲ್ಲಿ ದಾರಿ ತಪ್ಪಿಸುತ್ತದೆ. ಅದು ಅಳೆಯುವುದು ವಿದ್ಯುತ್ ಹರಿಯುವಿಕೆಯನ್ನು. ಉಪ್ಪಿದ್ದರೆ ಒಣ ಗೋಡೆಯೂ ಒದ್ದೆ ಎಂದು ತೋರಿಸುತ್ತದೆ. ನಿಜವಾದ ತೇವ ಬೇಕಿದ್ದರೆ ಗೋಡೆಯಿಂದ ಕೊರೆದ ಪುಡಿಯನ್ನು ಒಣಗಿಸಿ ತೂಗಬೇಕು, ಇಲ್ಲವೇ ಕಾರ್ಬೈಡ್ ಮೀಟರಿನಲ್ಲಿ ಹಾಕಿ ನೋಡಬೇಕು.

ತೇವ ಗೋಡೆಯೊಳಗಿಂದಲೋ ಕೋಣೆಯ ಗಾಳಿಯಿಂದಲೋ ಎಂದು ತಿಳಿಯಲು ಪ್ಲಾಸ್ಟಿಕ್ ಹಾಳೆ ಸಾಕು. ನಾಲ್ಕೂ ಅಂಚು ಬಿಗಿಯಾಗಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಹನಿ ಹಾಳೆಯ ಹಿಂಬದಿಯಲ್ಲಿದ್ದರೆ ಗೋಡೆಯಿಂದ ಬಂದದ್ದು, ಕೋಣೆಯ ಬದಿಯಲ್ಲಿದ್ದರೆ ಗಾಳಿಯದ್ದು.

ಗೋಡೆಯ ಕೆಳಗಿನ ಒಂದು ಮೀಟರಿಗೆ ಮಾತ್ರ ಹೊಸ ಟೈಲ್ಸ್ ಅಥವಾ ಪ್ಯಾನೆಲ್ ಹೊಡೆಸಿದ್ದು ಕಂಡರೆ ಅದರ ಹಿಂದೆ ಏನಿದೆ ಎಂದು ತಪ್ಪದೆ ವಿಚಾರಿಸಿ.

ಕಿಟಕಿ, ಕಂಬಿಕಟಕಟೆ, ಸ್ಕ್ರೂಗಳಲ್ಲಿ ತುಕ್ಕು

ಇವು ಬದಲಾಯಿಸಬಹುದಾದ ವಸ್ತುಗಳು, ಮನೆಯ ಅಳಿವು ಉಳಿವು ಇವುಗಳಲ್ಲಿಲ್ಲ. ಆದರೆ ಕಟಕಟೆ ಮಾತ್ರ ಜೀವ ಕಾಯುವಂಥದ್ದು. ಅದರ ಕಾಲು ಕಾಂಕ್ರೀಟಿನಲ್ಲಿ ಇಳಿಯುವ ಜಾಗದಲ್ಲಿ ನೀರು ನಿಂತು ಸುತ್ತಲೂ ತುಕ್ಕು ತಿಂದಿರುತ್ತದೆ. ಕೈಯಿಂದ ಮೆಲ್ಲಗೆ ಅಲ್ಲಾಡಿಸಿ ನೋಡಿ, ಒರಗಬೇಡಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಡಲ ಗಾಳಿಗೆ ತಾಳುವುದು 316 ದರ್ಜೆ. ಅದರಲ್ಲಿ 2–3 ಶೇಕಡಾ ಮಾಲಿಬ್ಡಿನಮ್ ಇರುತ್ತದೆ. ಸಾಮಾನ್ಯವಾಗಿ ಸಿಗುವ 304 ಬೇಗ ಕಂದು ಕಲೆ ಹಿಡಿಯುತ್ತದೆ. ಅಯಸ್ಕಾಂತದಿಂದ ಇವೆರಡರ ವ್ಯತ್ಯಾಸ ತಿಳಿಯದು, ಬಿಲ್ಲು ಕೇಳಿ. ಅಲ್ಯೂಮಿನಿಯಂ ಚೌಕಟ್ಟಿಗೆ ಬೇರೆ ಲೋಹದ ಸ್ಕ್ರೂ ಹಾಕಿದ ಕಡೆ ಬಿಳಿ ಪುಡಿ ಉಕ್ಕಿದ್ದರೆ ಎರಡು ಲೋಹ ಉಪ್ಪು ನೀರಿನಲ್ಲಿ ಕೂಡಿ ಅಲ್ಯೂಮಿನಿಯಂ ಕರಗುತ್ತಿದೆ.

ಛಾವಣಿ ಮತ್ತು ಮರ

ಛಾವಣಿ ಏರಬೇಡಿ. ನೆಲದಿಂದ ದುರ್ಬೀನಿನಲ್ಲೋ ಫೋನಿನ ಜೂಮ್‌ನಲ್ಲೋ ನೋಡಿ. ತಗಡಿನ ಛಾವಣಿ ಮೊದಲು ತುಕ್ಕು ಹಿಡಿಯುವುದು ಒಂದರ ಮೇಲೊಂದು ಕೂರುವ ಅಂಚಿನಲ್ಲಿ ಮತ್ತು ಸ್ಕ್ರೂ ತಲೆಯ ಸುತ್ತ. ಒಳಗಿನಿಂದ ನೋಡುವಾಗ, ಛಾವಣಿಯ ಮರವನ್ನೋ ಕಬ್ಬಿಣದ ಚೌಕಟ್ಟನ್ನೋ ಗೋಡೆಗೆ ಹಿಡಿದಿಟ್ಟ ಪಟ್ಟಿ, ಬೋಲ್ಟುಗಳನ್ನು ಹುಡುಕಿ. ಬಿರುಗಾಳಿ ಛಾವಣಿಯನ್ನು ಮೇಲಕ್ಕೆ ಎತ್ತುತ್ತದೆ. ಆ ಪಟ್ಟಿ ಇಲ್ಲದಿದ್ದರೆ ಅಥವಾ ತುಕ್ಕು ತಿಂದು ತೆಳುವಾಗಿದ್ದರೆ ಹೆಂಚು ಎಷ್ಟು ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ಮರದ ತೊಲೆಯ ತುದಿ ಗೋಡೆಯೊಳಗೆ ಹೋಗುವಲ್ಲಿ, ಬಾಗಿಲ ಚೌಕಟ್ಟಿನ ಬುಡದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಸುಲಭವಾಗಿ 5 ಮಿ.ಮೀ.ಗಿಂತ ಒಳಗೆ ಹೋದರೆ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ಗೆದ್ದಲಿನ ಮಣ್ಣುಗೆರೆ ಕಂಡರೆ ಒಂದಿಷ್ಟು ಒಡೆದು ಮುಂದಿನ ಭೇಟಿಯಲ್ಲಿ ನೋಡಿ. ಮತ್ತೆ ಕಟ್ಟಿದ್ದರೆ ಗೆದ್ದಲು ಜೀವಂತವಾಗಿದೆ. ಕಟ್ಟದಿದ್ದರೆ ಹೋಗಿದೆ ಎಂದರ್ಥವಲ್ಲ, ಬೇರೆ ದಾರಿ ಹಿಡಿದಿರಬಹುದು.

ಸ್ವಿಚ್ ಬೋರ್ಡಿನಲ್ಲಿ ಹಸಿರು ಕಲೆ, ಗುಂಯ್ ಸದ್ದು, ನಲ್ಲಿ ಮುಟ್ಟಿದರೆ ಜುಮ್

ತಾಮ್ರ ಉಪ್ಪಿಗೆ ಸಿಕ್ಕರೆ ಹಸಿರಾಗುತ್ತದೆ, ಸಂಪರ್ಕ ಸಡಿಲವಾಗುತ್ತದೆ, ಬಿಸಿಯಾಗುತ್ತದೆ. ಬೋರ್ಡು ಬಿಚ್ಚಬೇಡಿ, ಹೊರಗಿನಿಂದ ಬಣ್ಣ, ಸುಟ್ಟ ವಾಸನೆ, ಸದ್ದು ಮಾತ್ರ ಗಮನಿಸಿ. ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇದೆಯೇ, ಅದರ ಮೇಲೆ 30 ಮಿಲಿಆಂಪ್ ಎಂದು ಬರೆದಿದೆಯೇ ನೋಡಿ. ಮನೆಯವರನ್ನೇ ಟೆಸ್ಟ್ ಗುಂಡಿ ಒತ್ತಲು ಹೇಳಿ, ಕೂಡಲೇ ಬೀಳಬೇಕು. ನೆಲದಲ್ಲಿ ಹೂತ ಅರ್ತಿಂಗ್ ಕಂಬಿ ಉಪ್ಪು ಮಣ್ಣಿನಲ್ಲಿ ಕರಗಿಹೋಗಿರುವುದು ಸಾಮಾನ್ಯ, ಹೊರಗೆ ಕಾಣುವ ತಂತಿ ಚೆನ್ನಾಗಿದ್ದರೂ ಕೆಳಗೆ ಏನೂ ಉಳಿದಿರುವುದಿಲ್ಲ. ಅರ್ತಿಂಗ್ ರೋಧವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಉಪಕರಣದಿಂದ ಅಳೆಯಬೇಕು. ನಲ್ಲಿಯೋ ಪಂಪಿನ ಮೈಯೋ ಜುಮ್ ಎಂದರೆ ಮತ್ತೊಮ್ಮೆ ಮುಟ್ಟಿ ಖಚಿತಪಡಿಸಿಕೊಳ್ಳಬೇಡಿ. ಮೇನ್ ಆಫ್ ಮಾಡಿಸಿ ಹೊರಗೆ ಬನ್ನಿ.

ಬಾವಿ ನೀರು ಸಪ್ಪೆ ಅಲ್ಲ, ಉಬ್ಬರದಲ್ಲಿ ಚರಂಡಿ ನಿಲ್ಲುತ್ತದೆ

ಬಾವಿ ನೀರನ್ನು ಒಮ್ಮೆ ರುಚಿ ನೋಡಿ ತೀರ್ಮಾನಿಸಬೇಡಿ. ಪಂಪ್ ಹಾಕಿ ಮೊದಲ ನೀರಿನ ಟಿಡಿಎಸ್ ನೋಡಿ, ಒಂದು ಗಂಟೆ ಓಡಿಸಿ ಮತ್ತೆ ನೋಡಿ. ಲೀಟರಿಗೆ 600 ಮಿ.ಗ್ರಾಂ ಒಳಗಿದ್ದರೆ ರುಚಿ ಚೆನ್ನಾಗಿರುತ್ತದೆ, 1000 ದಾಟಿದರೆ ಕುಡಿಯಲು ಹಿತವಾಗಿರುವುದಿಲ್ಲ. ಕಡಲ ನೀರಿನದ್ದು ಸುಮಾರು 35,000. ಓಡಿಸುತ್ತ ಹೋದಂತೆ ಅಂಕಿ ಏರಿದರೆ ಕೆಳಗಿನ ಉಪ್ಪು ನೀರು ಮೇಲೆ ಬರುತ್ತಿದೆ. ಕಡಲ ಬದಿಯಲ್ಲಿ ಸಿಹಿನೀರು ಉಪ್ಪು ನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ ಮೇಲೆ 1 ಮೀ. ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀ. ಇರುತ್ತದೆ ಎಂಬುದು ಲೆಕ್ಕ. ಅಂದರೆ ಹೆಚ್ಚು ನೀರೆತ್ತಿ ಮಟ್ಟವನ್ನು ಅರ್ಧ ಮೀಟರ್ ಕೆಳಗಿಳಿಸಿ ಹಾಗೇ ಇಟ್ಟರೆ ಕೆಳಗಿನ ಉಪ್ಪು ಕಾಲಕ್ರಮೇಣ 20 ಮೀ. ಮೇಲೇರಬಲ್ಲದು. ಬೇಸಿಗೆಯ ಕೊನೆಯ ಅಂಕಿ ಮಳೆಗಾಲದ್ದಕ್ಕಿಂತ ಹೆಚ್ಚು ನಂಬಲರ್ಹ. ಮೀಟರ್ ರೋಗಾಣುಗಳನ್ನು ತೋರಿಸುವುದಿಲ್ಲ, ಲ್ಯಾಬಿಗೆ ಮಾದರಿ ಕಳಿಸಿ. ಈ ಬಾವಿ ನೀರಿನಲ್ಲೇ ಮನೆ ಕಟ್ಟಿದರೇ ಎಂದೂ ಕೇಳಿ.

ಶೌಚದ ನೀರು ದೊಡ್ಡ ಉಬ್ಬರದಲ್ಲಿ ಮಾತ್ರ ನಿಧಾನವಾಗಿ ಇಳಿದರೆ, ಗುಳುಗುಳು ಸದ್ದು ಮಾಡಿದರೆ, ಇಂಗುಗುಂಡಿಯೊಳಗೆ ನೆಲದ ನೀರು ತುಂಬಿದೆ ಎಂದರ್ಥ. ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಬೇಡಿ. ಒಳಗಿನ ಅನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ.

ನೆಲ ಟೊಳ್ಳು, ಕಾಂಪೌಂಡ್ ವಾಲಿದೆ, ದಡ ಹತ್ತಿರ ಬಂದಿದೆ

ಮನೆಯ ಸುತ್ತ ನಡೆದು ನೋಡಿ. ಅಡಿಪಾಯದ ಕಲ್ಲು ಹೊರಗೆ ಕಾಣುತ್ತಿದೆಯೇ, ಮರಗಳ ಬೇರು ಗಾಳಿಯಲ್ಲಿ ನೇತಾಡುತ್ತಿವೆಯೇ, ಜಗಲಿಯ ಅಡಿ ಮರಳು ಜಾರಿ ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆಯೇ? ತಡೆಗೋಡೆಯಲ್ಲಿ ನೀರು ಹೊರಬಿಡುವ ತೂತುಗಳು ಮುಚ್ಚಿ ಗೋಡೆ ಕಡಲ ಕಡೆಗೆ ವಾಲಿದ್ದರೆ ಹಿಂದೆ ನೀರಿನ ಒತ್ತಡ ಕೂಡುತ್ತಿದೆ. ನೆರೆ ಬಂದ ಗುರುತು ಬಣ್ಣ ಬಳಿಯದ ಜಾಗದಲ್ಲಿ ಉಳಿದಿರುತ್ತದೆ: ಕಪಾಟಿನ ಒಳಗೋಡೆ, ಮೆಟ್ಟಿಲಿನ ಅಡಿಯ ಸಂದು, ಬಾಗಿಲಿನ ಕೆಳಮೂಲೆ. ಕಳೆದ 10–20 ವರ್ಷದ ಉಪಗ್ರಹ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಮನೆಯಿಂದ ದಡದ ಅಂಚಿಗಿರುವ ದೂರ ಅಳೆಯಿರಿ. ಉಬ್ಬರ ಇಳಿತಕ್ಕೆ ನೀರಿನ ಗೆರೆ ಹಿಂದೆ ಮುಂದೆ ಆಗುತ್ತದೆ, ಆದ್ದರಿಂದ ಗಿಡಗಂಟಿ ಮುಗಿಯುವ ಗೆರೆ ಹಿಡಿದು ಅಳೆಯುವುದು ಸರಿ.

*ಇಲ್ಲಿಗೆ ನಿಲ್ಲಿಸಿ:* ದಿಣ್ಣೆಯ ಮೇಲಿನ ಮನೆಯ ಅಂಗಳದಲ್ಲಿ ದಡಕ್ಕೆ ಸಮಾನಾಂತರವಾಗಿ ನೆಲ ಬಿರಿದಿದ್ದರೆ ಬಿರುಕಿನ ಕಡಲ ಬದಿಗೆ ಹೋಗಬೇಡಿ. ಅಂಥ ಜಾಗದ ಬಗ್ಗೆ ಭೂತಂತ್ರಜ್ಞರ (ಮಣ್ಣು, ನೆಲದ ಗಟ್ಟಿತನ ಬಲ್ಲ ಎಂಜಿನಿಯರ್) ಅಭಿಪ್ರಾಯ ಬೇಕೇ ಬೇಕು.

ಎಂಜಿನಿಯರ್ ತಪಾಸಣೆಯಲ್ಲಿ ಏನೇನು ಇರಬೇಕು

ಮಾರುವವರೋ ದಲ್ಲಾಳಿಯೋ ಗೊತ್ತುಮಾಡಿಕೊಟ್ಟವರು ಬೇಡ. ಸಾಲಕ್ಕಾಗಿ ಬ್ಯಾಂಕ್ ಮಾಡಿಸುವ ಮೌಲ್ಯಮಾಪನ ಬೇರೆ, ಕಟ್ಟಡ ತಪಾಸಣೆ ಬೇರೆ. ಮೊದಲನೆಯದರಲ್ಲಿ ಕಂಬಿಯ ಗತಿ ಯಾರೂ ನೋಡುವುದಿಲ್ಲ. ಬರಿಗಣ್ಣಿನಲ್ಲಿ ನೋಡಿ ಬರೆದ ವರದಿ ಕಡಲಂಚಿನ ಕಾಂಕ್ರೀಟ್ ಮನೆಗೆ ಸಾಲದು. ಕೆಳಗಿನವು ಸೇರಿವೆಯೇ ಎಂದು ಮೊದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ಕವರ್ ಮೀಟರಿನಿಂದ ಕಂಬಿಯ ಆಳ ಅಳೆಯುವುದು ಮೊದಲ ಹೆಜ್ಜೆ. ಎರಡನೆಯದು ಹೊಸದಾಗಿ ಒಡೆದ ಕಾಂಕ್ರೀಟ್ ಮೇಲೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸುವುದು: ಗುಲಾಬಿ ಬಣ್ಣ ಬಂದ ಕಡೆ ಕ್ಷಾರ ಉಳಿದಿದೆ, ಬಣ್ಣ ಬಾರದ ಕಡೆ ಹೋಗಿದೆ. ಬಣ್ಣ ಬಾರದ ಆಳ ಕವರ್‌ನಷ್ಟಾಗಿದ್ದರೆ ಉಪ್ಪಿಲ್ಲದೆಯೂ ತುಕ್ಕು ಶುರುವಾಗುತ್ತದೆ.

ಕ್ಲೋರೈಡ್ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ, ಕೈಬಿಡುವುದೂ ಅದನ್ನೇ ಹೆಚ್ಚು. ಡ್ರಿಲ್ಲಿನಿಂದ 0–10, 10–20, 20–30, 30–40, 40–50 ಮಿ.ಮೀ. ಹೀಗೆ ಆಳ ಆಳಕ್ಕೆ ಪುಡಿ ಬೇರೆ ಬೇರೆ ಸಂಗ್ರಹಿಸಿ ಲ್ಯಾಬಿಗೆ ಕಳಿಸುತ್ತಾರೆ. ಜಾಗ ಕನಿಷ್ಠ ಮೂರು ಇರಲಿ: ಕಡಲ ಮಗ್ಗುಲು, ಹಿಂದಿನ ಮಗ್ಗುಲು, ಒಳಕೋಣೆ. ಮೇಲೆ ಹೆಚ್ಚು, ಒಳಗೆ ಹೋದಂತೆ ಕಡಿಮೆಯಾದರೆ ಉಪ್ಪು ಹೊರಗಿನಿಂದ ಬಂದದ್ದು. ಎಲ್ಲ ಆಳದಲ್ಲೂ ಒಂದೇ ಸಮ ಇದ್ದು ಒಳಕೋಣೆಯಲ್ಲೂ ಹಾಗೇ ಇದ್ದರೆ ಕಟ್ಟುವಾಗಲೇ ಬೆರೆತದ್ದು. ಸಿಮೆಂಟ್ ತೂಕದ 0.4 ಶೇಕಡಾ ಎಂಬುದು ಎಂಜಿನಿಯರುಗಳು ಎಚ್ಚರದ ಗೆರೆಯಾಗಿ ಬಳಸುವ ಅಂಕಿ. ಅಷ್ಟು ಉಪ್ಪು ಕಂಬಿಯ ಆಳದಲ್ಲಿದೆಯೇ ಎಂಬುದು ಪ್ರಶ್ನೆ, ಮೇಲ್ಮೈಯಲ್ಲಿ ಇರುವುದು ಸಹಜ.

ತುಕ್ಕು ಈಗ ನಡೆಯುತ್ತಿದೆಯೇ ಎಂದು ತಿಳಿಯಲು, ಕಂಬಿಯ ವೋಲ್ಟೇಜ್ ಅಳೆಯುವ ಹಾಫ್ ಸೆಲ್ ಪರೀಕ್ಷೆ. ತಾಮ್ರ–ತಾಮ್ರದ ಸಲ್ಫೇಟ್ ಅಳತೆಯಲ್ಲಿ −350 ಮಿಲಿವೋಲ್ಟ್‌ಗಿಂತ ಕೆಳಗಿಳಿದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ 90 ಶೇಕಡಾ ಮೀರುತ್ತದೆ, −200ಕ್ಕಿಂತ ಮೇಲಿದ್ದರೆ ತುಕ್ಕಿಲ್ಲದಿರುವ ಸಾಧ್ಯತೆಯೂ 90 ಶೇಕಡಾ ಮೀರುತ್ತದೆ. ನಡುವಿನದು ಅನಿಶ್ಚಿತ. ಸದಾ ನೀರಲ್ಲಿ ನೆನೆದ ಕಾಂಕ್ರೀಟ್ ತುಕ್ಕಿಲ್ಲದೆಯೂ ಬಹಳ ಕೆಳಗಿನ ಅಂಕಿ ತೋರುವುದರಿಂದ ಒಂದು ಅಂಕಿ ನೋಡಿ ತೀರ್ಮಾನಿಸಬಾರದು, ಅಂಕಿ ಎಲ್ಲಿಂದ ಎಲ್ಲಿಗೆ ಥಟ್ಟನೆ ಬದಲಾಗುತ್ತದೆ ಎಂದು ನೋಡಬೇಕು. ಅದೇ ರೀತಿ ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ಬಡಿದು ಎಷ್ಟು ಪುಟಿಯಿತೆಂದು ತೋರಿಸುವ ಉಪಕರಣ) ಅಂಕಿಯನ್ನಷ್ಟೇ ನಂಬಿ "ಕಾಂಕ್ರೀಟ್ ಗಟ್ಟಿಯಾಗಿದೆ" ಎಂದು ಬರೆದರೆ ಒಪ್ಪಬೇಡಿ. ಗಾಳಿಯ ಇಂಗಾಲಾಮ್ಲಕ್ಕೆ ಒಡ್ಡಿದ ಹಳೆಯ ಮೇಲ್ಮೈ ಗಡುಸಾಗಿ, ಒಳಭಾಗಕ್ಕಿಂತ ಹೆಚ್ಚು ಅಂಕಿ ತೋರಿಸುತ್ತದೆ. ಕಾಂಕ್ರೀಟಿನ ಮೂಲಕ ಹಾಯಿಸುವ ಅಲ್ಟ್ರಾಸೋನಿಕ್ ತರಂಗದ ವೇಗ ಸೆಕೆಂಡಿಗೆ 3.5 ಕಿ.ಮೀ. ಮೀರಿದ್ದರೆ ಒಳ್ಳೆಯದು, 3ಕ್ಕಿಂತ ಕಡಿಮೆ ಇದ್ದರೆ ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆದು ನೋಡಬೇಕಾಗುತ್ತದೆ.

ಫ್ಲ್ಯಾಟ್ ಆಗಿದ್ದರೆ ನಿಮ್ಮ ಮನೆಯ ಒಳಗನ್ನು ಮಾತ್ರ ನೋಡಿದರೆ ಏನೂ ತಿಳಿಯದು. ನೆಲಮಾಳಿಗೆಯ ಕಂಬಗಳು, ನೀರಿನ ತೊಟ್ಟಿಯ ತೊಲೆಗಳು, ಹೊರಗೋಡೆ, ಇವಕ್ಕೆ ನಿವಾಸಿಗಳ ಸಂಘದ ಒಪ್ಪಿಗೆ ಮೊದಲೇ ಪಡೆಯಿರಿ, ಹಿಂದಿನ ರಿಪೇರಿಗಳ ಲೆಕ್ಕವನ್ನೂ ಕೇಳಿ.

ವರದಿ ಕೈಗೆ ಬಂದ ಮೇಲೆ

ಮೊದಲು ಓದಬೇಕಾದ್ದು "ನೋಡಲಾಗದ ಭಾಗಗಳು" ಎಂಬ ಪಟ್ಟಿ. ಪ್ಯಾನೆಲ್ ಹಿಂದೆ, ಫಾಲ್ಸ್ ಸೀಲಿಂಗಿನ ಮೇಲೆ, ಬೀಗ ಹಾಕಿದ ಕೋಣೆಯಲ್ಲಿ ಏನಿದೆ ಎಂದು ಯಾರೂ ನೋಡಿಲ್ಲ. ತೆರೆದು ತೋರಿಸಲು ಮಾರುವವರು ಒಪ್ಪದಿದ್ದರೆ ಆ ಭಾಗ ಕೆಟ್ಟಿದೆ ಎಂದೇ ಲೆಕ್ಕ ಹಿಡಿಯಿರಿ. ರಿಪೇರಿಯನ್ನು ಚದರ ಮೀಟರ್ ಮತ್ತು ಮೀಟರ್ ಲೆಕ್ಕದಲ್ಲಿ ಬರೆಸಿ; "ಅಲ್ಲಲ್ಲಿ ತುಕ್ಕು ಇದೆ" ಎಂಬ ಸಾಲನ್ನು ಯಾವ ಗುತ್ತಿಗೆದಾರನಿಗೂ ಕೊಡಲಾಗದು. ಕೆತ್ತಿದ ಮೇಲೆ ಟೊಳ್ಳು ಸದ್ದಿನ ಗೆರೆಗಿಂತ ಹೆಚ್ಚು ಭಾಗ ಕೆಟ್ಟಿರುವುದು ಸಾಮಾನ್ಯ, ಆ ಅಂತರವನ್ನೂ ಸೇರಿಸಿ ಹೇಳಲು ಎಂಜಿನಿಯರನ್ನು ಕೇಳಿ.

ಕಡಲ ಬದಿಯ ಸಜ್ಜಾ, ಒಂದೆರಡು ತೊಲೆ, ಗಾರೆ, ಅರ್ತಿಂಗ್, ಕಿಟಕಿ: ಇಷ್ಟೇ ಇದ್ದರೆ ರಿಪೇರಿ ಖರ್ಚು ಬೆಲೆಯಿಂದ ಕಳೆದು ಮಾತಾಡಬಹುದು. ಮನೆಯಿಡೀ ಬೆರೆತ ಉಪ್ಪು, ಹಲವು ಕಂಬಗಳಲ್ಲಿ ಸವೆದ ಕಂಬಿ, ಹತ್ತಿರವಾಗುತ್ತಿರುವ ದಡ, ಈ ಮೂರರಲ್ಲಿ ಯಾವುದು ಇದ್ದರೂ ಹಿಂದೆ ಸರಿಯುವುದೇ ಸರಿ. ಮುಂಗಡ ಕೊಡಲೇಬೇಕಾದ ಪರಿಸ್ಥಿತಿ ಇದ್ದರೆ, ತಪಾಸಣೆಯ ವರದಿ ತೃಪ್ತಿಕರವಾಗಿರದಿದ್ದಲ್ಲಿ ಹಣ ಪೂರ್ತಿ ವಾಪಸ್ ಎಂಬ ಷರತ್ತನ್ನು ಕರಾರಿನಲ್ಲಿ ವಕೀಲರಿಂದ ಬರೆಸಿ, ಕಾಂಕ್ರೀಟ್ ಕೊರೆದು ಮಾದರಿ ತೆಗೆಯಲು ಮಾಲೀಕರ ಅನುಮತಿಯನ್ನೂ ಅದೇ ಕರಾರಿನಲ್ಲಿ ಸೇರಿಸಿ.